ನೆರಳಿಗೆ ಹಾಕಿದ ಪ್ಯಾನಲ್

ಮಾರ್ಚ್ 4, ಸೋಮವಾರ

ಪ್ರೀತಿಯ ಅಲ್ಪವಿರಾಮಕ್ಕೆ,

ಬೀಗರ ಮನೆಯ ತಾರಸಿಯ ಮೇಲೆ ಹದಿನೆಂಟು ಪ್ಯಾನಲ್ ಇವೆ, ಒಟ್ಟು ಸಾಮರ್ಥ್ಯ ಹತ್ತು ಸಾವಿರದ ನೂರ ಎಂಬತ್ತು ವ್ಯಾಟ್. ಶನಿವಾರ ಹೀಗೆ ಬರೆದುಕೊಂಡು ಹೋದವರು ನಿಮ್ಮ ಇಲಾಖೆಯ ಇನ್‌ಸ್ಪೆಕ್ಟರ್. ನಾನು ಹಾಕಿದ್ದು ಹದಿನೇಳು. ಅರ್ಜಿಯಲ್ಲಿ ಬರೆದು ಸಹಿ ಮಾಡಿದ್ದೂ ಹದಿನೇಳೇ: ಒಂದೊಂದು ಐನೂರ ಎಂಬತ್ತರಂತೆ ಒಂಬತ್ತು ಸಾವಿರದ ಎಂಟುನೂರ ಅರವತ್ತು. ಹತ್ತು ಸಾವಿರದ ಒಳಗಿದ್ದರೆ ಅದು ಮನೆ, ದಾಟಿದರೆ ಸ್ಥಾವರ. ಮನೆಗೆ ಸಬ್ಸಿಡಿ ಇದೆ, ಸ್ಥಾವರಕ್ಕೆ ಇಲ್ಲ.

ಹದಿನೆಂಟನೆಯದು ಎಲ್ಲಿಂದ ಬಂತು ಅಂತ ಕೇಳು. ಇನ್ವರ್ಟರ್ ಪೆಟ್ಟಿಗೆ ತಾರಸಿಯ ಪಶ್ಚಿಮದ ಗೋಡೆಯಲ್ಲಿದೆ. ಮಧ್ಯಾಹ್ನದ ಬಿಸಿಲು ನೇರ ಅದರ ಮುಖಕ್ಕೆ. ನನ್ನ ಹಳೆಯ ಸಾಮಾನಿನಲ್ಲಿ ಗಾಜು ಬಿರುಕು ಬಿಟ್ಟ ಮುನ್ನೂರ ಇಪ್ಪತ್ತು ವ್ಯಾಟಿನ ಒಂದು ಪ್ಯಾನಲ್ ಬಿದ್ದಿತ್ತು. ಅದನ್ನೇ ಎರಡು ಕಬ್ಬಿಣದ ಕೋನಕ್ಕೆ ಬಿಗಿದು ಪೆಟ್ಟಿಗೆಯ ಮೇಲೆ ಚಪ್ಪರದಂತೆ ಕೂರಿಸಿದೆ. ಪೆಟ್ಟಿಗೆಗೆ ನೆರಳೂ ಆಯಿತು, ತಂಪೂ ಆಯಿತು. ಇನ್ವರ್ಟರಿಗೆ ಅದರಿಂದ ಒಂದೇ ಒಂದು ತಂತಿಯೂ ಹೋಗಿಲ್ಲ.

ಇನ್‌ಸ್ಪೆಕ್ಟರನ್ನು ನಮ್ಮ ಕಸುಬಿನವರೆಲ್ಲ ಟಾರ್ಚು ಸಾಹೇಬರು ಅಂತಾರೆ. ಹಾಡಹಗಲಲ್ಲೇ ಟಾರ್ಚು ಹಿಡಿದು, ಪ್ಯಾನಲಿನ ಕೆಳಗೆ ಅಂಗಾತ ಮಲಗಿ, ಬೆನ್ನಿಗೆ ಅಂಟಿಸಿದ ಚೀಟಿ ಓದುತ್ತಾರೆ.

“ಇದೇನ್ರೀ ಇಲ್ಲೊಂದು?”

“ಅದು ಸತ್ತ ಪ್ಯಾನಲ್ ಸಾರ್. ಸುಮ್ನೆ ನೆರಳಿಗೆ ಹಾಕಿದ್ದು.”

“ಸತ್ತಿದ್ದಕ್ಕೆ ಚೀಟಿ ಯಾಕಿದೆ?”

“ಸತ್ತೋರಿಗೂ ಹೆಸರು ಇರುತ್ತಲ್ಲ ಸಾರ್.”

ನಗಲಿಲ್ಲ ಪುಣ್ಯಾತ್ಮರು. ಬರೆದುಕೊಂಡರು. ಆಮೇಲೆ ಕಿವಿಗೊಟ್ಟು, “ಏನೋ ಗುಂಯ್ ಅಂತಿದೆಯಲ್ಲ?” ಅಂದರು. “ನನ್ನ ಕಿವಿಗೆ ಏನೂ ಬೀಳಲ್ಲ ಸಾರ್” ಅಂದೆ. ಅದಂತೂ ಸುಳ್ಳಲ್ಲ. ಅದಕ್ಕೇ ಫೋನ್ ಮಾಡದೆ ಬರೆಯುತ್ತಿದ್ದೇನೆ. ಎಡಗಿವಿ ಜನರೇಟರಿಗೆ ದಾನವಾಗಿ ಎಷ್ಟೋ ವರ್ಷವಾಯಿತು, ಬಲಗಿವಿ ಈಗ ಬೀಗಿತ್ತಿಗೆ ಮೀಸಲು.

ಪ್ರಮಾಣಪತ್ರ ಸಿಗುವವರೆಗೆ ಅಳವಡಿಸಿದವನು ಊರು ಬಿಡಬಾರದಂತೆ. ನಾಲ್ಕು ದಿನಕ್ಕೆಂದು ಮಗಳ ಮನೆಗೆ ಬಂದವನು ಇಪ್ಪತ್ತಮೂರು ದಿನದಿಂದ ಇಲ್ಲೇ ಇದ್ದೇನೆ. ಕೆಳಗೆ ಅವರ ಲಾಂಡ್ರಿ, ಹಿಂದಿನ ಇಸ್ತ್ರಿ ಕೋಣೆಯಲ್ಲಿ ನನ್ನ ಚಾಪೆ. ಸುತ್ತ ಕಂಡವರ ಹಾಸಿಗೆ ಹೊದಿಕೆಗಳ ಗಂಟು, ಪ್ರತಿ ಗಂಟಿಗೂ ಒಂದು ನಂಬರು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಬೀಗಿತ್ತಿ ನಿನ್ನೆ ಅಷ್ಟೂ ಜನ ಗಿರಾಕಿಗಳ ಮುಂದೆ ಕೇಳಿದರು: “ಬೀಗರೇ, ನಮ್ಮನೆ ಈಗ ಫ್ಯಾಕ್ಟರಿ ಅಂತೆ. ಸೈರನ್ ಯಾವಾಗ ಹಾಕಿಸ್ತೀರಿ?” ಮಗಳು ತಲೆ ತಗ್ಗಿಸಿ ಶರ್ಟಿನ ಕಾಲರನ್ನೇ ಉಜ್ಜುತ್ತಿದ್ದಳು.

ಅರ್ಜಿಗಿಂತ ತಾರಸಿಯಲ್ಲಿ ಹೆಚ್ಚು ಸಿಕ್ಕರೆ ಅದನ್ನು ಸುಳ್ಳು ಘೋಷಣೆ ಅಂತ ಬರೆಯುತ್ತಾರೆ. ಬರೆದರೆ ನನ್ನ ಲೈಸೆನ್ಸ್ ಹೋಗುತ್ತದೆ. ಐವತ್ತೆಂಟರಲ್ಲಿ ಇನ್ನೊಬ್ಬನ ಸಹಿಯ ಕೆಳಗೆ ತಂತಿ ಎಳೆಯಲು ನನ್ನಿಂದ ಆಗದು. ಚಿಕ್ಕಂದಿನಿಂದ ನನ್ನ ಅಲ್ಪವಿರಾಮ ತಿದ್ದಿದ ನೀನು ಈಗ ಆ ಕಚೇರಿಯಲ್ಲಿ ಕಾಗದಗಳ ತಪ್ಪು ತಿದ್ದುವವಳು. ಯಾರನ್ನಾದರೂ ಕೇಳಿ ತಿಳಿಸು.

ಅಣ್ಣ


ಮಾರ್ಚ್ 9, ಶನಿವಾರ

ಅಣ್ಣನಿಗೆ,

ನಿನ್ನ ಪತ್ರ ಗುರುವಾರ ತಲುಪಿತು. ಇನ್‌ಸ್ಪೆಕ್ಟರರ ವರದಿಯೂ ಅದೇ ದಿನ ಪ್ರಧಾನ ಕಚೇರಿಗೆ ಬಂದಿದೆ ಎಂದು ಟಪಾಲು ವಿಭಾಗದವರು ಹೇಳಿದರು.

ನಿಯಮ ಹೀಗಿದೆ: “ವ್ಯವಸ್ಥೆಯ ಸಾಮರ್ಥ್ಯ ಎಂದರೆ ಕಟ್ಟಡದ ಮೇಲೆ ಅಳವಡಿಸಿದ ಎಲ್ಲ ಸೌರ ಫಲಕಗಳ ಚೀಟಿಯಲ್ಲಿ ನಮೂದಾದ ವ್ಯಾಟ್‌ಗಳ ಮೊತ್ತ, ತಂತಿ ಜೋಡಿಸಿರಲಿ, ಬಿಡಲಿ.” ಇನ್ವರ್ಟರ್ ಎಷ್ಟು ದಾಟಿಸುತ್ತದೆ ಎನ್ನುವುದನ್ನು ನೋಡುವುದಿಲ್ಲ. ನಿನ್ನ ಇನ್ವರ್ಟರ್ ಎಂಟು ಸಾವಿರದ್ದು, ಅದಕ್ಕಿಂತ ಹೆಚ್ಚು ಆ ಮನೆಯಿಂದ ಎಂದೂ ಹೊರಗೆ ಬಾರದು ಎಂದು ನೀನು ವಾದಿಸಬಹುದು. ಆ ವಾದ ಇಲ್ಲಿ ನಿಲ್ಲುವುದಿಲ್ಲ.

ಇನ್ನೂ ಒಂದು ವಿಷಯ. ಲೆಕ್ಕಕ್ಕೆ ಬರುವುದು ಫಲಕವಲ್ಲ, ಅದರ ಬೆನ್ನಿನ ಚೀಟಿ. ಚೀಟಿ ಓದಲು ಬಂದರೆ ಆ ಅಂಕಿಯನ್ನು ಕೂಡಿಸುತ್ತಾರೆ. ಓದಲು ಬಾರದಿದ್ದರೆ ಅದು ಬೇರೆ ಮಾತು.

ಇದಕ್ಕಿಂತ ಹೆಚ್ಚು ಬರೆಯುವ ಸ್ಥಿತಿಯಲ್ಲಿ ನಾನಿಲ್ಲ. ಬೀಗಿತ್ತಿಯ ಜೊತೆ ಜಗಳ ಬೇಡ. ಮಗಳಿಗೆ ನನ್ನ ನೆನಪು ಹೇಳು.

ತಂಗಿ


ಮಾರ್ಚ್ 13, ಬುಧವಾರ

ನನ್ನ ಜಾಣ ಅಲ್ಪವಿರಾಮಕ್ಕೆ,

ಹದಿನೆಂಟನೆಯ ಪ್ಯಾನಲಿಗೆ ಈಗ ಚೀಟಿ ಇಲ್ಲ. ಈ ಸುದ್ದಿಯನ್ನು ವರದಿ ಮಾಡುತ್ತಿರುವವನು ನಾನೇ, ಕೆಲಸ ಮಾಡಿದವನೂ ನಾನೇ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಕಚೇರಿಯ ಗೋಡೆ ಮಾತಾಡಿದಂತಿತ್ತು. ಎರಡನೆಯ ಸಲ “ಹೆಚ್ಚು ಬರೆಯುವ ಸ್ಥಿತಿಯಲ್ಲಿ ಇಲ್ಲ” ಎನ್ನುವ ಸಾಲು ಕಣ್ಣಿಗೆ ಬಿತ್ತು. ಮೂರನೆಯ ಸಲ “ಬೇರೆ ಮಾತು” ಸಿಕ್ಕಿತು. ನಿನ್ನ ಬುದ್ಧಿಯೇ ಬುದ್ಧಿ! ಹೇಳಿಯೂ ಹೇಳದಂತೆ ಹೇಳಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಥಿನ್ನರ್ ಸವರಿ ಬ್ಲೇಡಿನಿಂದ ಕೆರೆದೆ. ಅರ್ಧ ಗಂಟೆ ಹಿಡಿಯಿತು. ಈಗ ಅದು ಬರೀ ಗಾಜಿನ ಹಲಗೆ, ಊಟದ ಮೇಜಿಗೆ ಹಾಕಿದರೂ ಯಾರೂ ಕೇಳುವಂತಿಲ್ಲ. ಮರು ತಪಾಸಣೆಗೆ ಅರ್ಜಿ ಕೊಟ್ಟಿದ್ದೇನೆ. ಶನಿವಾರ ಬರುತ್ತಾರಂತೆ.

ಮೇಲೆ ನಿಂತಾಗ ಒಂದು ಯೋಚನೆ ಬಂತು. ಈ ನಿಯಮ ಬರೆದವನು ಎಂಥವನಿರಬಹುದು? ಒಂದು ದಿನವಾದರೂ ತಾರಸಿ ಹತ್ತಿದವನಲ್ಲ. ಚೀಟಿಯ ಮೇಲಿನ ಅಂಕಿ ಪ್ರಯೋಗಾಲಯದ ದೀಪದ ಕೆಳಗೆ ಸಿಕ್ಕಿದ್ದು. ನಿಜವಾದ ಬಿಸಿಲಿನಲ್ಲಿ, ಧೂಳಿನಲ್ಲಿ, ಕಾಗೆಯ ಪ್ರಸಾದದ ನಡುವೆ ಆ ಅಂಕಿ ಒಂದು ದಿನವೂ ಬರುವುದಿಲ್ಲ. ಹೆಣವನ್ನೂ ಸೇರಿಸಿ ಮನೆಯವರೆಲ್ಲ ಎಷ್ಟು ಭಾರ ಹೊರಬಲ್ಲರು ಅಂತ ಕೇಳುವ ಕತ್ತೆ! ಸಿಕ್ಕರೆ ನನ್ನ ಪರವಾಗಿ ಅವನಿಗೆ ಒಂದು ನಮಸ್ಕಾರ ಹೇಳು.

ಅಣ್ಣ


ಮಾರ್ಚ್ 14, ಗುರುವಾರ

ಅಣ್ಣನಿಗೆ,

ನಿನ್ನಿಂದ ಉತ್ತರ ಇನ್ನೂ ಬಂದಿಲ್ಲ. ಹಿಂದಿನ ಪತ್ರವನ್ನು ಅಂಚೆಗೆ ಹಾಕಿದ ಮೇಲೆ ಒಂದು ಸಾಲು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ.

ಚೀಟಿ ಓದಲು ಬಾರದಿದ್ದರೆ ಬೇರೆ ಮಾತು ಎಂದಿದ್ದೆ. ಬೇರೆ ಮಾತು ಎಂದರೆ ನಿಯಮದ ಬೇರೆ ಕಲಮು. ಚೀಟಿ ಅಳಿಸಿದ್ದು ಕಂಡರೆ ಅದು ತಿದ್ದುವಿಕೆ, ಸುಳ್ಳು ಘೋಷಣೆಗಿಂತ ದೊಡ್ಡದು. ಲೈಸೆನ್ಸನ್ನು ಅಲ್ಲೇ, ಆಗಲೇ ತಡೆಹಿಡಿಯುತ್ತಾರೆ. ಆ ಫಲಕವನ್ನು ಮುಟ್ಟಬೇಡ, ಬಿಚ್ಚಬೇಡ, ಒರೆಸಲೂ ಬೇಡ. ಮರು ತಪಾಸಣೆ ಕೇಳಬೇಡ. ವಿಚಾರಣೆ ಬೇಕು ಎಂದು ಬರೆದುಕೊಡು.

ನೀನು ಚೀಟಿಗೆ ಕೈ ಹಾಕುವವನಲ್ಲ ಎಂದು ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ.

ತಂಗಿ


ಮಾರ್ಚ್ 18, ಸೋಮವಾರ

ತಂಗಿ,

ನನ್ನ ಲೈಸೆನ್ಸ್ ತಡೆಹಿಡಿಯಲಾಗಿದೆ. ಟಾರ್ಚು ಸಾಹೇಬರು ಶನಿವಾರ ಹನ್ನೆರಡು ಗಂಟೆಗೆ ತಾರಸಿಯ ಮೇಲೆಯೇ ಬರೆದುಕೊಟ್ಟರು. ನಿನ್ನ ಪತ್ರ ಅದೇ ದಿನ ಮೂರು ಗಂಟೆಗೆ ಬಂತು.

ಅವರು ಕೆರೆದ ಜಾಗಕ್ಕೆ ಬೆರಳು ಸವರಿ ಮೂಸಿ ನೋಡಿದರು. “ಥಿನ್ನರ್ ಹಾಕಿದ್ರಾ?” ಅಂದರು. ಹೌದು ಅಂದೆ. “ಯಾರು ಹೇಳಿಕೊಟ್ಟರು?” ಅಂದರು. ನಾನು ಬಾಯಿ ಬಿಡಲಿಲ್ಲ. “ಇಪ್ಪತ್ತೆಂಟು ವರ್ಷದ ಲೈಸೆನ್ಸ್ ಇಟ್ಕೊಂಡು ಹಿಂಗೆ ಮಾಡ್ತಾರೇನ್ರೀ?” ಅಂತ ಕೇಳಿದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಜಾರಿತ್ತು. ಅದು ಸಿಟ್ಟಿಗಿಂತ ಕಷ್ಟ.

ಮುಖ್ಯ ಸ್ವಿಚ್ಚಿಗೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿ ಹೋದರು. ಹದಿನೇಳು ಪ್ಯಾನಲ್ ದಿನವಿಡೀ ಬಿಸಿಲು ಕುಡಿದು ಸುಮ್ಮನೆ ಮಲಗಿವೆ. ನಾನು ಕೆಳಗೆ ಇಸ್ತ್ರಿ ಕೋಣೆಯಲ್ಲಿ ಮಲಗಿದ್ದೇನೆ. ಊರು ಬಿಡುವಂತಿಲ್ಲ, ಕೆಲಸ ಮುಟ್ಟುವಂತಿಲ್ಲ, ತಾರಸಿ ಹತ್ತುವಂತಿಲ್ಲ. ಬೀಗಿತ್ತಿ ಹಂಗಿಸುವುದನ್ನು ಬಿಟ್ಟಿದ್ದಾರೆ. ಬೆಳಗ್ಗೆ ತಟ್ಟೆ ತಂದಿಟ್ಟು “ತಿನ್ನಿ ಬೀಗರೇ” ಅಂದು ಹೋಗುತ್ತಾರೆ. ಹಂಗಿಸುತ್ತಿದ್ದಾಗಲೇ ಚೆನ್ನಾಗಿತ್ತು. ಮಗಳು ನಿನ್ನೆ ಬಂದು ಪಕ್ಕದಲ್ಲಿ ಕೂತಳು. “ಅಪ್ಪ, ನೀನು ನಿಜವಾಗ್ಲೂ ಸುಳ್ಳು ಬರೆದಿದ್ಯಾ?” ಅಂದಳು. ಮದುವೆಯಾಗಿ ಎರಡು ವರ್ಷ, ಈ ಮನೆಯಲ್ಲಿ ಅವಳಿಗಿದ್ದ ಬಂಡವಾಳವೆಂದರೆ ಅಪ್ಪನ ಹೆಸರು ಒಂದೇ.

ನೀನು ಬರೆದದ್ದನ್ನು ನಂಬಿ ಮಾಡಿದೆ. ಬೇರೆ ಮಾತು ಎಂದರೆ ಬೇರೆ ಕಲಮು ಅಂತ ಯಾವ ಊರಿನ ಕನ್ನಡ? ಜನ ಬೇರೆ ಮಾತು ಅಂದರೆ “ಹಾಗಿದ್ದರೆ ಪರವಾಗಿಲ್ಲ” ಅಂತಲೇ ತಿಳಿಯುವುದು. ಜೀವಮಾನವಿಡೀ ನನ್ನ ಅಲ್ಪವಿರಾಮ ತಿದ್ದಿದವಳಿಗೆ ಒಂದು ಸಾಲನ್ನು ಬಿಡಿಸಿ ಬರೆಯಲು ಏನು ಅಡ್ಡಿಯಾಗಿತ್ತು? ಯಾರಿಗೆ ಹೆದರುತ್ತೀಯ? ಆ ಕತ್ತೆ ನಿನ್ನ ಮೇಲಧಿಕಾರಿಯೇ?

ಅಣ್ಣ


ಮಾರ್ಚ್ 22, ಶುಕ್ರವಾರ

ಅಣ್ಣ,

ಆ ಕತ್ತೆ ನಾನು. ಒಂಬತ್ತು ವರ್ಷದ ಹಿಂದೆ ಆ ನಿಯಮದ ಕರಡು ಬರೆದವಳು ನಾನೇ. ತಪ್ಪು ತಿದ್ದುವ ಕೆಲಸ ಎಂದು ನಿನಗೆ ಹೇಳುತ್ತಾ ಬಂದೆ. ನೀನು ಲೈಸೆನ್ಸ್ ಇರುವವನು, ನಾನು ನಿಯಮ ಬರೆಯುವವಳು. ಎರಡೂ ಒಂದೇ ಮನೆತನದಲ್ಲಿ ಇರುವುದು ಯಾರಿಗೂ ಗೊತ್ತಾಗದಿದ್ದರೆ ಒಳ್ಳೆಯದು ಅನ್ನಿಸಿತ್ತು. ಮೊದಲ ಪತ್ರಕ್ಕೆ ಉತ್ತರಿಸುವಾಗ ನಿನ್ನ ಕಡತ ನನ್ನ ಮೇಜಿನ ಮೇಲೆಯೇ ಇತ್ತು, “ಅಭಿಪ್ರಾಯಕ್ಕೆ” ಎಂದು. ಅದಕ್ಕೇ ಅಷ್ಟು ಮುದುಡಿಕೊಂಡು ಬರೆದೆ. ಆ ಮುದುಡುವಿಕೆಯೇ ನಿನಗೆ ಕಣ್ಸನ್ನೆಯಂತೆ ಕಂಡಿತು.

“ತಂತಿ ಜೋಡಿಸಿರಲಿ, ಬಿಡಲಿ” ಎನ್ನುವ ಮಾತು ಎಲ್ಲಿಂದ ಬಂತು ಎನ್ನುವುದನ್ನೂ ಹೇಳಬೇಕು. ನಿನಗೆ ನೆನಪಿಲ್ಲದಿರಬಹುದು. ನೀನು ನಮ್ಮ ಮನೆಗೆ ಊಟಕ್ಕೆ ಬಂದಿದ್ದೆ, ಭಾನುವಾರ ಮಧ್ಯಾಹ್ನ. ನಿನ್ನ ಕಸುಬಿನವರ ಚಮತ್ಕಾರಗಳನ್ನು ಹೇಳಿ ನಗಿಸುತ್ತಿದ್ದೆ. “ತಪಾಸಣೆ ದಿನ ಎರಡು ಪ್ಯಾನಲ್ ತಂತಿ ಬಿಚ್ಚಿಟ್ರೆ ಆಯ್ತು. ‘ಅದು ಸುಮ್ನೆ ನೆರಳಿಗೆ ಸಾರ್’ ಅನ್ನೋದು. ಮಾರನೇ ದಿನ ಜೋಡಿಸೋದು. ಯಾವ ಸಾಹೇಬ ಮತ್ತೆ ಹತ್ತಿ ನೋಡ್ತಾನೆ?” ಎಂದಿದ್ದೆ. ನಾನೂ ನಕ್ಕೆ. ಸೋಮವಾರ ಕಚೇರಿಗೆ ಹೋಗಿ ಆ ಮೂರು ಪದ ಸೇರಿಸಿದೆ. ಒಳ್ಳೆಯ ಕೆಲಸ ಮಾಡಿದೆ ಎಂದು ಉಪನಿರ್ದೇಶಕರು ಬೆನ್ನು ತಟ್ಟಿದರು.

ಈ ವಾರ ಹಳೆಯ ಕಡತಗಳನ್ನು ತೆಗೆಸಿ ನೋಡಿದೆ. ಆ ಪದಗಳಿಂದ ನಲವತ್ತೊಂದು ಜನರ ಲೈಸೆನ್ಸ್ ಹೋಗಿದೆ. ಅವರಲ್ಲಿ ಹನ್ನೊಂದು ಜನ ತಮ್ಮ ಹೇಳಿಕೆಯಲ್ಲಿ “ನೆರಳಿಗೆ ಹಾಕಿದ್ದು” ಎಂದೇ ಬರೆದಿದ್ದಾರೆ. ನಾನು ಒಬ್ಬರನ್ನೂ ನಂಬಿರಲಿಲ್ಲ. ನಿನ್ನ ಮಾತು ನೆನಪಾಗಿ ಪ್ರತಿ ಸಲವೂ ನಕ್ಕು ಸಹಿ ಹಾಕಿದ್ದೆ.

ಉಪನಿರ್ದೇಶಕರು ಒಂದು ದಾರಿ ತೋರಿಸಿದರು. “ನಿಮ್ಮಣ್ಣನ ಕೇಸ್ ಒಂದನ್ನ ‘ವಿಶೇಷ ಪ್ರಕರಣ’ ಅಂತ ಬರೆದು ಮುಗಿಸಿ ಬಿಡಿ, ಯಾಕೆ ತಲೆ ಕೆಡಿಸ್ಕೊಳ್ತೀರಿ” ಎಂದರು. ಹಾಗೆ ಬರೆದರೆ ನೀನು ಹೊರಗೆ ಬರುತ್ತೀಯ, ನಲವತ್ತೊಂದು ಜನ ಒಳಗೇ ಇರುತ್ತಾರೆ, ನಾನು ಅವರ ಜೊತೆ ಇರುತ್ತೇನೆ. ಬರೆಯಲಿಲ್ಲ. ನಿನ್ನನ್ನು ಕೇಳದೆ ಈ ತೀರ್ಮಾನ ಮಾಡಿದೆ. ಬೈಯುವುದಾದರೆ ಬೈಯಿ.

ಬದಲಿಗೆ ನಿನ್ನೆ ಒಂದು ಟಿಪ್ಪಣಿ ಕೊಟ್ಟಿದ್ದೇನೆ. ಅಳವಡಿಸಿದ ಫಲಕ ಎನ್ನುವುದನ್ನು “ತಂತಿ ಜೋಡಿಸಿದ ಫಲಕ” ಎಂದು ಬದಲಿಸಬೇಕು, ಹಳೆಯ ಕಡತಗಳನ್ನೂ ಹೊಸ ವ್ಯಾಖ್ಯೆಯಲ್ಲಿ ನೋಡಬೇಕು ಎಂದು. ಚೀಟಿ ಕೆರೆದ ತಪ್ಪು ಉಳಿಯುತ್ತದೆ. ಆದರೆ ಲೆಕ್ಕಕ್ಕೇ ಬಾರದ ಫಲಕದ ಚೀಟಿ ಎಂದಾದರೆ ದಂಡಕ್ಕೆ ಮುಗಿದು, ಲೈಸೆನ್ಸ್ ಉಳಿಯಬಹುದು. ನಿನ್ನ ಹದಿನೆಂಟನೆಯ ಫಲಕಕ್ಕೆ ತಂತಿ ಇಲ್ಲ ಎನ್ನುವುದೇ ನನ್ನ ಟಿಪ್ಪಣಿಗೆ ಆಧಾರ. ನೀನು ಬರೆದದ್ದನ್ನು ನಂಬಿ, ಹಾಗೆಂದು ನನ್ನ ಸಹಿಯ ಮೇಲೆ ಬರೆದಿದ್ದೇನೆ.

ತಂಗಿ


ಮಾರ್ಚ್ 26, ಮಂಗಳವಾರ

ತಂಗಿ,

ಹದಿನೆಂಟನೆಯ ಪ್ಯಾನಲಿಗೆ ತಂತಿ ಇದೆ.

ನಿನ್ನ ಪತ್ರ ನಿನ್ನೆ ಬಂತು. ಕೊನೆಯ ಸಾಲು ಓದಿ, ನಾನು ಮೊದಲ ಪತ್ರದಲ್ಲಿ ಬರೆದದ್ದನ್ನು ನೆನೆಸಿಕೊಂಡೆ. ನಾನು ಬರೆದದ್ದು “ಇನ್ವರ್ಟರಿಗೆ ತಂತಿ ಹೋಗಿಲ್ಲ” ಅಂತ. ಇನ್ವರ್ಟರಿಗೆ ಹೋಗಿಲ್ಲ. ಫ್ಯಾನಿಗೆ ಹೋಗಿದೆ. ಆ ಪ್ಯಾನಲ್ ಪೂರ್ತಿ ಸತ್ತಿಲ್ಲ. ಮೂರರಲ್ಲಿ ಒಂದು ಪಾಲಿಗೆ ಉಸಿರಿದೆ. ಬಿಸಾಡಲು ಮನಸ್ಸಾಗದೆ, ಇನ್ವರ್ಟರ್ ಪೆಟ್ಟಿಗೆಯ ಒಳಗೆ ಅಂಗೈಯಗಲದ ಒಂದು ಫ್ಯಾನ್ ಕೂರಿಸಿ ಅದಕ್ಕೆ ಜೋಡಿಸಿದ್ದೆ. ಬಿಸಿಲು ಬಂದರೆ ತಿರುಗುತ್ತದೆ, ಮೋಡವಾದರೆ ನಿಲ್ಲುತ್ತದೆ. ಪೆಟ್ಟಿಗೆ ಕಾಯುವುದೇ ಬಿಸಿಲಿದ್ದಾಗ ಅಲ್ಲವೇ? ಇಪ್ಪತ್ತೆಂಟು ವರ್ಷದಲ್ಲಿ ನಾನು ಮಾಡಿದ ಅತಿ ಚೊಕ್ಕ ಕೆಲಸ ಅದು. ಟಾರ್ಚು ಸಾಹೇಬರಿಗೆ ಕೇಳಿಸಿದ ಗುಂಯ್ ಅದೇ. ಗೊತ್ತಿದ್ದೂ ಕಿವುಡನ ಕಿವಿಯನ್ನು ಅಡ್ಡ ಹಿಡಿದೆ. ನಿನಗೂ ಹೇಳಲಿಲ್ಲ. ಸತ್ತದ್ದು ಅಂದರೆ ವಾದ ಗಟ್ಟಿಯಾಗುತ್ತದೆ ಅನ್ನಿಸಿತು.

ಈಗ ನಿನ್ನ ಹೊಸ ಪದ ಬಂದರೆ ಆ ನಲವತ್ತೊಂದು ಜನ ಹೊರಗೆ ಬರುತ್ತಾರೆ, ನಾನೊಬ್ಬ ಒಳಗೆ. ಜೊತೆಗೆ ನಿನ್ನ ಸಹಿಯೂ ಸುಳ್ಳಾಗುತ್ತದೆ.

ಫ್ಯಾನಿನ ತಂತಿಯನ್ನು ಕಿತ್ತು ಬಿಡಲು ಮೆಟ್ಟಿಲವರೆಗೆ ಹೋಗಿದ್ದೆ. ಎರಡು ಸ್ಕ್ರೂ, ಒಂದು ನಿಮಿಷದ ಕೆಲಸ, ಯಾರಿಗೂ ತಿಳಿಯುತ್ತಿರಲಿಲ್ಲ. ಬೀಗಿತ್ತಿ ಮೆಟ್ಟಿಲ ಮೇಲೆ ಬಟ್ಟೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದರು. “ಎಲ್ಲಿಗೆ ಬೀಗರೇ?” ಅಂದರು. “ಸುಮ್ನೆ, ಗಾಳಿಗೆ” ಅಂದೆ. “ಗಾಳಿ ಇಲ್ಲೂ ಬರುತ್ತೆ, ಕೂತ್ಕೊಳ್ಳಿ” ಅಂದರು. ಕೂತೆ. ಒಂದು ಶರ್ಟು ಮಡಿಸಿಟ್ಟು ಅವರೇ ಅಂದರು: “ಆ ಪೆಟ್ಟಿಗೆ ಒಳಗೆ ಒಂದು ಫ್ಯಾನ್ ಇದೆ ಅಲ್ವಾ? ನಂಗೆ ದಿನಾ ಕೇಳ್ಸುತ್ತೆ. ಸೀಲ್ ಹಾಕಿದ್ ಮೇಲೂ ಅದೊಂದೇ ತಿರುಗ್ತಿರೋದು. ಪಾಪ, ಅದನ್ನ ನಿಲ್ಲಿಸ್ಬೇಡಿ.”

ಆ ಭಾನುವಾರದ ಊಟ ನೆನಪಿದೆ. ನಗಿಸಲು ಹೇಳಿದ್ದೆ, ನಾನೆಂದೂ ಹಾಗೆ ಮಾಡಿದವನಲ್ಲ. ನೀನು ನಕ್ಕಿದ್ದು ನೋಡಿ ಇನ್ನಷ್ಟು ಬಣ್ಣ ಹಚ್ಚಿದ್ದೆ. ನಿನ್ನನ್ನು ಕತ್ತೆ ಅಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಎರಡು ಕತ್ತೆ ಅಂತ ತಿದ್ದಿಕೋ.

ಈಗ ಏನು ಮಾಡಲಿ, ಹೇಳು. ಈ ಸಲ ಬಿಡಿಸಿ ಬರೆ.

ಅಣ್ಣ


ಮಾರ್ಚ್ 30, ಶನಿವಾರ

ಅಣ್ಣ,

ನಿನ್ನ ಕಡತವನ್ನು ನನ್ನ ಮೇಜಿನಿಂದ ತೆಗೆದಿದ್ದಾರೆ. ಆದೇಶವನ್ನು ಉಪನಿರ್ದೇಶಕರು ನಿನ್ನೆ ಸಂಜೆ ಐದು ಗಂಟೆಗೆ ನನ್ನ ಕೈಯಲ್ಲೇ ಕೊಟ್ಟರು. ನನ್ನನ್ನು ನಿಯಮಗಳ ವಿಭಾಗದಿಂದ ದಾಖಲೆ ಕೋಣೆಗೆ ಹಾಕಿದ್ದಾರೆ. ಅಲ್ಲಿಗೂ ಒಂದೇ ಕಿಟಕಿ, ಅದರಾಚೆ ಗೋಡೆ. ನಿನ್ನ ಇಸ್ತ್ರಿ ಕೋಣೆ ನೆನಪಾಯಿತು.

ಬಿಡಿಸಿ ಬರೆಯುತ್ತೇನೆ.

ನಿನ್ನ ಪತ್ರ ತಲುಪಿದ ದಿನವೇ ಎರಡನೆಯ ಟಿಪ್ಪಣಿ ಕೊಟ್ಟೆ. ಮೊದಲ ಟಿಪ್ಪಣಿಯಲ್ಲಿ ತಂತಿ ಇಲ್ಲ ಎಂದು ಬರೆದದ್ದು ತಪ್ಪು, ತಂತಿ ಇದೆ, ಫ್ಯಾನಿಗೆ ಹೋಗಿದೆ ಎಂದು. ವ್ಯಾಖ್ಯೆಯಲ್ಲಿ “ತಂತಿ ಜೋಡಿಸಿದ” ಎನ್ನುವುದೂ ಸಾಲದು, “ಇನ್ವರ್ಟರಿಗೆ ಜೋಡಿಸಿದ” ಎಂದಿರಬೇಕು ಎಂದು. ನಿಮಗೆ ಹೇಗೆ ಗೊತ್ತು ಎಂದು ಉಪನಿರ್ದೇಶಕರು ಕೇಳಿದರು. ಅಣ್ಣ ಬರೆದಿದ್ದಾನೆ ಎಂದೆ. ಪತ್ರ ಎಲ್ಲಿ ಎಂದರು. ನೀನು ಬರೆದ ನಾಲ್ಕನ್ನೂ ಕೊಟ್ಟೆ, ಚೀಟಿ ಕೆರೆದದ್ದನ್ನು ಬರೆದ ಪತ್ರವೂ ಸೇರಿ. ಒಂದನ್ನು ಮಾತ್ರ ಬಿಟ್ಟರೆ ಉಳಿದವಕ್ಕೆ ಬೆಲೆ ಇರುವುದಿಲ್ಲ.

ನಾನು ನಿನಗೆ ಬರೆದವು ನಿನ್ನ ಹತ್ತಿರ ಇವೆ. ಈ ಟಿಪ್ಪಣಿಗಳ ಮೇಲೆ ವಿಚಾರಣೆ ಇಟ್ಟಿದ್ದಾರೆ, ಆ ಪತ್ರಗಳನ್ನೂ ಅಲ್ಲಿಗೆ ತಾ. ಮುಖ್ಯವಾಗಿ ಮಾರ್ಚ್ 9ರದ್ದು. “ಬೇರೆ ಮಾತು” ಎಂದು ನಾನು ಬರೆದದ್ದನ್ನು ಅವರೇ ಓದಲಿ, ಓದಿದವರಿಗೆ ಏನು ಅರ್ಥವಾಗುತ್ತದೋ ಆಗಲಿ. ಅದರಿಂದ ನನಗೆ ತೊಂದರೆಯಾಗುತ್ತದೆ ಎಂದು ನೀನು ಅದನ್ನು ಮನೆಯಲ್ಲಿ ಮರೆತು ಬರುವ ಪೈಕಿ ಎಂದು ನನಗೆ ಗೊತ್ತು. ಮರೆಯಬೇಡ.

ಲೈಸೆನ್ಸ್ ಉಳಿಯುತ್ತದೆಯೇ ಎಂದು ಕೇಳಬೇಡ. ಹೊಸ ವ್ಯಾಖ್ಯೆಯನ್ನು ಒಪ್ಪಿದರೆ ನಿನ್ನ ವ್ಯವಸ್ಥೆ ಒಂಬತ್ತು ಸಾವಿರದ ಎಂಟುನೂರ ಅರವತ್ತು, ಅರ್ಜಿಯಲ್ಲಿ ಇದ್ದದ್ದೇ. ಒಪ್ಪದಿದ್ದರೆ ಹತ್ತು ಸಾವಿರದ ನೂರ ಎಂಬತ್ತು. ನಡುವೆ ಇರುವುದು ಮುನ್ನೂರ ಇಪ್ಪತ್ತು ವ್ಯಾಟ್ ಮತ್ತು ಒಂದು ಪದ. ಚೀಟಿಯ ವಿಷಯ ಎರಡರಲ್ಲೂ ಉಳಿಯುತ್ತದೆ.

“ನೆರಳಿಗೆ” ಎಂದು ಬರೆದಿದ್ದ ಹನ್ನೊಂದು ಜನರಿಗೂ ನೋಟಿಸು ಹೋಗಿದೆ. ಒಂಬತ್ತು ಜನ ಬರುತ್ತೇವೆ ಎಂದಿದ್ದಾರೆ. ಒಬ್ಬರು ಕಸುಬು ಬಿಟ್ಟಿದ್ದಾರೆ, ಒಬ್ಬರ ವಿಳಾಸ ಸಿಗಲಿಲ್ಲ. ನಾನು ಅಧಿಕಾರಿಗಳ ಕಡೆ ಕೂರುವಂತಿಲ್ಲ. ನಿಮ್ಮ ಕಡೆಯ ಬೆಂಚಿನಲ್ಲಿ, ನಿನ್ನ ಬಲಗಿವಿಯ ಪಕ್ಕ ಕೂರುತ್ತೇನೆ. ಕೇಳಿಸದ್ದನ್ನು ಬರೆದು ತೋರಿಸುತ್ತೇನೆ.

ವಿಚಾರಣೆ ಏಪ್ರಿಲ್ 9, ಮಂಗಳವಾರ, ಬೆಳಗ್ಗೆ 11 ಗಂಟೆಗೆ, ನಮ್ಮ ಕಚೇರಿಯ ಎರಡನೇ ಮಹಡಿ, ಕೊಠಡಿ 6. ಅದಕ್ಕಾಗಿ ನೀನು ಊರು ಬಿಡಬಹುದು. ಹಿಂದಿನ ದಿನ ಇನ್‌ಸ್ಪೆಕ್ಟರ್ ಮೂರನೆಯ ಬಾರಿ ತಾರಸಿ ನೋಡುತ್ತಾರೆ. ಅಲ್ಲಿಯವರೆಗೆ ಫಲಕವನ್ನು ಬಿಚ್ಚುವಂತಿಲ್ಲ, ಫ್ಯಾನನ್ನು ನಿಲ್ಲಿಸುವಂತಿಲ್ಲ.

ತಂಗಿ